ಅಪ್ಪಣೆಯ ಮದುವೆಗಳು: ಇಸ್ರೇಲ್-ಪ್ಯಾಲೆಸ್ತೀನ್ ಸಿನಿಮಾ ಮತ್ತು ಸಮತೋಲನದ ಪ್ರಶ್ನೆ

ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ಬದುಕನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳನ್ನು ಕುರಿತು ಬರೆಯುವಾಗ ವಿಮರ್ಶೆಯು ಸಾಮಾನ್ಯವಾಗಿ ಒಂದೇ ಮಾನದಂಡಕ್ಕೆ ಮೊರೆಹೋಗುತ್ತದೆ. ಚಿತ್ರವು ಎರಡೂ ಕಡೆಯವರ ನೋವನ್ನು ಸಮನಾಗಿ ತೋರಿಸಿದೆಯೆ, ಯಾರ ಪಕ್ಷವನ್ನೂ ವಹಿಸದೆ ಮಾನವೀಯವಾಗಿ ಉಳಿದಿದೆಯೆ ಎಂಬುದೇ ಆ ಮಾನದಂಡ. ಚಲನಚಿತ್ರೋತ್ಸವಗಳ ಪರಿಚಯ ಪುಸ್ತಿಕೆಗಳಿಂದ ಹಿಡಿದು ಗಂಭೀರ ವಿಮರ್ಶೆಯವರೆಗೆ ಈ ಸಮತೋಲನದ ಮೆಚ್ಚುಗೆ ಎಷ್ಟು ಸಹಜವಾಗಿ ಬಂದುಬಿಟ್ಟಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಪಕ್ಷಪಾತವೆಂಬ ಭಾವನೆ ಬೆಳೆದಿದೆ. ಆದರೆ ಈ ನೆಲದಿಂದ ಬಂದ ಒಳ್ಳೆಯ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ, ಅವು ಸಹಾನುಭೂತಿಯನ್ನು ತಕ್ಕಡಿಯಲ್ಲಿ ತೂಗುವ ಕೆಲಸಕ್ಕೆ ಹೆಚ್ಚು ಗಮನ ಕೊಟ್ಟಿಲ್ಲವೆಂಬುದು ತಿಳಿಯುತ್ತದೆ. ಅವುಗಳ ಲಕ್ಷ್ಯವಿರುವುದು ಬೇರೊಂದು ಸಂಗತಿಯ ಮೇಲೆ: ಈ ನೆಲದಲ್ಲಿ ಯಾರು ಯಾರಿಗೆ ಅಪ್ಪಣೆ ಕೊಡುತ್ತಾರೆ, ಯಾರು ಬೇಡುತ್ತಾರೆ, ಆ ಬೇಡಿಕೆ ಯಾವ ಭಾಷೆಯಲ್ಲಿ ನಡೆಯುತ್ತದೆ?

ಕನ್ನಡದ 'ಅಪ್ಪಣೆ' ಎಂಬ ಪದ ಇಲ್ಲಿ ವಿಶೇಷವಾಗಿ ಉಪಯುಕ್ತವಾಗಿದೆ. ಅನುಮತಿ, ಆಜ್ಞೆ ಎರಡೂ ಅರ್ಥಗಳನ್ನು ಅದು ಒಟ್ಟಿಗೇ ಹೊತ್ತಿದೆ. ಅಪ್ಪಣೆ ಬೇಡುವವನು ಅನುಮತಿಯನ್ನು ಕೇಳುತ್ತಾನೆ. ಅಪ್ಪಣೆ ಕೊಡುವವನು ಅನುಮತಿಯ ಜೊತೆಗೇ ಆಜ್ಞೆಯನ್ನೂ ಹೊರಡಿಸುತ್ತಾನೆ. ಈ ಎರಡು ಅರ್ಥಗಳ ನಡುವಿನ ಕಿರಿದಾದ ಜಾಗದಲ್ಲಿಯೇ ಮಿಶೆಲ್ ಖ್ಲೈಫಿಯವರ 'ವೆಡ್ಡಿಂಗ್ ಇನ್ ಗೆಲಿಲೀ' (1987) ನಡೆಯುತ್ತದೆ. ನಜರೆತ್‌ನಲ್ಲಿ ಹುಟ್ಟಿ ಬೆಲ್ಜಿಯಮ್ಮಿನಲ್ಲಿ ನೆಲೆಸಿದ ಖ್ಲೈಫಿ ಅದಕ್ಕೂ ಮೊದಲು 'ಫರ್ಟೈಲ್ ಮೆಮೊರಿ' (1980) ಎಂಬ ಚಿತ್ರದಲ್ಲಿ ಇಬ್ಬರು ಪ್ಯಾಲೆಸ್ತೀನಿ ಹೆಂಗಸರ ದಿನನಿತ್ಯವನ್ನು ದಾಖಲಿಸಿದ್ದರು. ಅವರಲ್ಲೊಬ್ಬರು ಕಾದಂಬರಿಕಾರ್ತಿ ಸಹರ್ ಖಲೀಫೆ. ಪೋಸ್ಟರು, ಬಂದೂಕು, ಘೋಷಣೆಗಳಿಂದ ಪ್ಯಾಲೆಸ್ತೀನಿ ಸಿನಿಮಾವನ್ನು ಮನೆಯ ಒಳಗೆ ಕರೆತಂದದ್ದು ಖ್ಲೈಫಿಯವರ ದೊಡ್ಡ ಕೊಡುಗೆ.

'ವೆಡ್ಡಿಂಗ್ ಇನ್ ಗೆಲಿಲೀ' ಚಿತ್ರದ ಕಥೆ ಸರಳ. ಕರ್ಫ್ಯೂ ಇರುವ ಹಳ್ಳಿಯ ಮುಖ್ಯಸ್ಥ ತನ್ನ ಮಗನ ಮದುವೆಯನ್ನು ರಾತ್ರಿಯುದ್ದಕ್ಕೂ ನಡೆಸಲು ಇಸ್ರೇಲಿ ಸೈನಿಕ ಗವರ್ನರನ ಅಪ್ಪಣೆ ಬೇಡುತ್ತಾನೆ. ಗವರ್ನರ್ ಒಪ್ಪುತ್ತಾನೆ; ತಾನೂ ತನ್ನ ಅಧಿಕಾರಿಗಳೂ ಮದುವೆಯ ಗೌರವಾನ್ವಿತ ಅತಿಥಿಗಳಾಗಿರಬೇಕೆಂಬುದು ಅವನ ಷರತ್ತು. 1948ರಿಂದ 1966ರವರೆಗೆ ಇಸ್ರೇಲಿನ ಒಳಗಿನ ಅರಬ್ ಪ್ರಜೆಗಳು ಸೈನಿಕ ಆಡಳಿತದ ಅಡಿಯಲ್ಲಿ ಬದುಕಿದ್ದರು. ಪಕ್ಕದ ಊರಿಗೆ ಹೋಗಲೂ ಪರವಾನಗಿ ಬೇಕಾಗಿದ್ದ ಆ ಕಾಲದ ನೆರಳು ಚಿತ್ರದ ಮೇಲಿದೆ. ಅತಿಥಿಯನ್ನು ಕರೆಯುವುದು ಮನೆಯೊಡೆಯನ ಹಕ್ಕು. ಆ ಹಕ್ಕೇ ಷರತ್ತಾಗಿ ಬದಲಾದಾಗ ಮನೆಯೊಡೆಯ ತನ್ನ ಮನೆಯಲ್ಲಿ ತಾನೇ ಅತಿಥಿಯಾಗುತ್ತಾನೆ. ಮುಖ್ಯಸ್ಥನ ತಮ್ಮ ಮದುವೆಗೆ ಬರಲೊಲ್ಲ. ಊರಿನ ಯುವಕರು ಗವರ್ನರನ ಮೇಲೆ ದಾಳಿಯ ಸಂಚು ಹೂಡುತ್ತಾರೆ. ಬಿಸಿಲಿಗೆ ತಲೆತಿರುಗಿ ಬಿದ್ದ ಇಸ್ರೇಲಿ ಸೈನಿಕ ಹುಡುಗಿಯನ್ನು ಹೆಂಗಸರು ಒಳಮನೆಗೆ ಕರೆದೊಯ್ದು ಸಮವಸ್ತ್ರ ಬಿಡಿಸಿ ತಮ್ಮ ಉಡುಪು ತೊಡಿಸುತ್ತಾರೆ. ಈ ಕೊನೆಯ ದೃಶ್ಯವನ್ನೇ ಎತ್ತಿ ಹಿಡಿದು ಚಿತ್ರವನ್ನು ಸಾಮರಸ್ಯದ ಕಥನವೆಂದು ಓದಿದವರಿದ್ದಾರೆ. ಇಂಥ ಓದು ಅರ್ಧ ಸತ್ಯವಷ್ಟೆ. ಉಡುಪು ಬದಲಾದ ಹುಡುಗಿ ಬೆಳಗಾದರೆ ಮತ್ತೆ ಜೀಪು ಹತ್ತಬಲ್ಲಳು. ಉಡುಪು ತೊಡಿಸಿದವರಿಗೆ ಹೊರಗೆ ಹೋಗುವ ಜೀಪಿಲ್ಲ.

ಚಿತ್ರದ ಅತ್ಯಂತ ಗಟ್ಟಿಯಾದ ದೃಶ್ಯ ಕುದುರೆಯದು. ಮುಖ್ಯಸ್ಥನ ಕುದುರೆ ತಪ್ಪಿಸಿಕೊಂಡು ನೆಲಬಾಂಬುಗಳಿರುವ ಹೊಲಕ್ಕೆ ನುಗ್ಗುತ್ತದೆ. ಬಾಂಬುಗಳನ್ನು ಹೂತ ಜಾಗದ ನಕ್ಷೆ ಸೈನಿಕರ ಬಳಿಯಿದೆ. ಕುದುರೆ ಗುರುತಿಸುವ ದನಿ ಮುಖ್ಯಸ್ಥನ ಬಳಿಯಿದೆ. ಎರಡೂ ಸೇರಿದಾಗ ಮಾತ್ರ ಪ್ರಾಣಿ ಜೀವಸಹಿತ ಹೊರಬರುತ್ತದೆ. ಇದನ್ನು ಸಹಬಾಳ್ವೆಯ ರೂಪಕವೆಂದು ಕರೆಯುವುದು ಸುಲಭ. ಆದರೆ ಹೊಲ ಯಾರದು, ಬಾಂಬು ಹೂತವರು ಯಾರು ಎಂಬ ಪ್ರಶ್ನೆಯನ್ನು ಚಿತ್ರ ಎಲ್ಲಿಯೂ ಮರೆಯಲು ಬಿಡುವುದಿಲ್ಲ. ನಕ್ಷೆಯಿರುವವನ ಸಹಾಯವನ್ನು ಪಡೆಯಲೇಬೇಕಾದ ಸ್ಥಿತಿಯನ್ನು ನಕ್ಷೆಯಿರುವವನೇ ನಿರ್ಮಿಸಿದ್ದಾನೆ. ಕಾನ್ ಉತ್ಸವದಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿಯನ್ನೂ ಸಾನ್ ಸೆಬಾಸ್ಟಿಯನ್‌ನಲ್ಲಿ ಗೋಲ್ಡನ್ ಶೆಲ್ ಪ್ರಶಸ್ತಿಯನ್ನೂ ಪಡೆದ ಈ ಚಿತ್ರದ ನಂತರ ಪ್ಯಾಲೆಸ್ತೀನಿ ಸಿನಿಮಾದಲ್ಲಿ ಮದುವೆ ಎಂಬುದು ಬಿಡಿಸಲಾಗದ ಗಂಟಾಗಿ ಉಳಿದುಬಿಟ್ಟಿತು.

ಈ ಪುನರಾವರ್ತನೆ ಆಕಸ್ಮಿಕವಲ್ಲ. ಹನಿ ಅಬು-ಅಸ್ಸಾದರ 'ರಾನಾಸ್ ವೆಡ್ಡಿಂಗ್' (2002) ಚಿತ್ರದ ನಾಯಕಿ ಸಂಜೆ ನಾಲ್ಕರೊಳಗೆ ತನಗೆ ಬೇಕಾದವನನ್ನು ಮದುವೆಯಾಗದಿದ್ದರೆ ತಂದೆಯೊಡನೆ ದೇಶ ಬಿಡಬೇಕು; ತಪಾಸಣಾ ಠಾಣೆಗಳ ನಡುವೆ ವರನನ್ನೂ ನೋಂದಣಾಧಿಕಾರಿಯನ್ನೂ ಅವಳು ಹುಡುಕುತ್ತಾಳೆ. ಆನ್‌ಮೇರಿ ಜಾಸಿರ್ ಅವರ 'ವಾಜಿಬ್' (2017) ನಜರೆತ್‌ನಲ್ಲಿ ಮದುವೆಯ ಕರೆಯೋಲೆ ಹಂಚುತ್ತ ತಿರುಗುವ ತಂದೆ-ಮಗನ ಒಂದು ದಿನದ ಕಥೆ; ನಿಜಜೀವನದಲ್ಲೂ ತಂದೆ-ಮಕ್ಕಳಾದ ಮೊಹಮ್ಮದ್ ಬಕ್ರಿ ಮತ್ತು ಸಾಲೆಹ್ ಬಕ್ರಿ ಆ ಪಾತ್ರಗಳಲ್ಲಿದ್ದಾರೆ. ತಂದೆಯು ಕರೆಯಲೇಬೇಕೆನ್ನುವ ಒಬ್ಬ ಯಹೂದಿ ಪರಿಚಿತ ಗೂಢಚಾರನೆಂಬುದು ಮಗನ ಅನುಮಾನ. ವಿದೇಶದಲ್ಲಿ ನೆಲೆಸಿದ ಮಗ ಸ್ವಾಭಿಮಾನದ ಮಾತಾಡಬಲ್ಲ, ಊರಲ್ಲೇ ಬದುಕಬೇಕಾದ ತಂದೆಗೆ ಆ ಅನುಕೂಲವಿಲ್ಲ. ಖ್ಲೈಫಿಯವರ ಗವರ್ನರ್ ಇಲ್ಲಿ ಒಂದು ಹೆಸರಾಗಿ, ಒಂದು ಲಕೋಟೆಯಾಗಿ ಚಿಕ್ಕದಾಗಿದ್ದಾನೆ, ಹೋಗಿಬಿಟ್ಟಿಲ್ಲ. ಮದುವೆ ಎಂದರೆ ಬಂಧುಗಳು ಒಂದೆಡೆ ಸೇರುವುದು, ಹೆಣ್ಣೊಬ್ಬಳು ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯುವುದು. ಸೇರುವುದಕ್ಕೂ ನಡೆಯುವುದಕ್ಕೂ ಪರವಾನಗಿ ಬೇಕಾದ ಕಡೆ ಅದು ತನ್ನಿಂದ ತಾನೇ ರಾಜಕೀಯ ಸಂಗತಿಯಾಗುತ್ತದೆ.

ಹೆಣ್ಣಿನ ವಿಷಯಕ್ಕೆ ಬಂದರೆ ಅಪ್ಪಣೆ ದುಪ್ಪಟ್ಟಾಗುತ್ತದೆ. ಇಸ್ರೇಲಿ ನಿರ್ದೇಶಕ ಎರಾನ್ ರಿಕ್ಲಿಸ್ ಅವರ ಎರಡು ಚಿತ್ರಗಳು, 'ದ ಸಿರಿಯನ್ ಬ್ರೈಡ್' (2004) ಮತ್ತು 'ಲೆಮನ್ ಟ್ರೀ' (2008), ಇದನ್ನು ಸೂಕ್ಷ್ಮವಾಗಿ ಗ್ರಹಿಸಿವೆ. ಎರಡರ ಚಿತ್ರಕಥೆಯಲ್ಲೂ ಪ್ಯಾಲೆಸ್ತೀನಿ ಲೇಖಕಿ ಸುಹಾ ಅರಾಫ್ ಪಾಲುಗೊಂಡಿದ್ದಾರೆಂಬುದು ಈ ಸೂಕ್ಷ್ಮತೆಗೆ ಒಂದು ಕಾರಣವಿರಬೇಕು. ಮೊದಲನೆಯ ಚಿತ್ರ 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡು 1981ರಲ್ಲಿ ತನ್ನ ಕಾನೂನಿನ ವ್ಯಾಪ್ತಿಗೆ ಸೇರಿಸಿಕೊಂಡ ಗೋಲನ್ ಎತ್ತರ ಪ್ರದೇಶದ ಮಜ್ದಲ್ ಶಮ್ಸ್ ಊರಿನದು. ಅಲ್ಲಿಯ ದ್ರೂಜ್ ಸಮುದಾಯದ ಮೋನಾ ಸಿರಿಯಾದ ವರನನ್ನು ಮದುವೆಯಾಗಲು ಗಡಿ ದಾಟಬೇಕು. ದಾಟಿದರೆ ತವರಿಗೆ ಮರಳುವಂತಿಲ್ಲ. ಅವಳ ರಾಷ್ಟ್ರೀಯತೆ ಕಾಗದದಲ್ಲಿ 'ಅನಿರ್ದಿಷ್ಟ'. ಇಸ್ರೇಲಿ ಅಧಿಕಾರಿ ಹೊರಹೋಗುವ ಮೊಹರು ಒತ್ತುತ್ತಾನೆ. ಗೋಲನ್ ತನ್ನದೇ ನೆಲವೆನ್ನುವ ಸಿರಿಯಾದ ಅಧಿಕಾರಿ ಆ ಮೊಹರನ್ನು ಒಪ್ಪಿದರೆ ಗಡಿಯನ್ನೇ ಒಪ್ಪಿದಂತಾಗುತ್ತದೆ. ಒಂದು ಮೊಹರಿನ ಸಲುವಾಗಿ ಮದುವಣಗಿತ್ತಿ ಬಿಸಿಲಲ್ಲಿ ಕಾಯುತ್ತಾಳೆ. ಅದೇ ಹೊತ್ತಿಗೆ ಅವಳ ಅಕ್ಕ ಅಮಲ್ ಹೈಫಾ ವಿಶ್ವವಿದ್ಯಾಲಯದಲ್ಲಿ ಓದಲು ಗಂಡನ ಅಪ್ಪಣೆಗಾಗಿ ಕಾಯುತ್ತಿದ್ದಾಳೆ. ಕೊನೆಯಲ್ಲಿ ಮೋನಾ ಯಾರನ್ನೂ ಕೇಳದೆ ಒಬ್ಬಳೇ ನಡೆದುಬಿಡುತ್ತಾಳೆ. ಅವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂಬುದು ಆಗಲೂ ಸುಖಕರ ಪ್ರಶ್ನೆಯಲ್ಲ, ಏಕೆಂದರೆ ಅತ್ತ ಕಾದಿರುವುದು ಅವಳು ಟೆಲಿವಿಷನ್ನಿನಲ್ಲಿ ಮಾತ್ರ ಕಂಡ ನಟನ ಮನೆ.

'ಲೆಮನ್ ಟ್ರೀ' ಚಿತ್ರದ ವಿಧವೆ ಸಲ್ಮಾಳ ನಿಂಬೆತೋಟದ ಪಕ್ಕಕ್ಕೆ ಇಸ್ರೇಲಿನ ರಕ್ಷಣಾ ಮಂತ್ರಿ ಮನೆ ಮಾಡುತ್ತಾನೆ. ತೋಟ ಭದ್ರತೆಗೆ ಅಪಾಯವೆಂದು ಮರ ಕಡಿಯುವ ಆದೇಶ ಬರುತ್ತದೆ. ಹೀಬ್ರೂ ಭಾಷೆಯಲ್ಲಿರುವ ಆ ಪತ್ರವನ್ನು ಅವಳು ಊರಿನ ಹಿರಿಯನಿಂದ ಓದಿಸಬೇಕಾಗುತ್ತದೆ. ಅದೇ ಹಿರಿಯ, ಇಸ್ರೇಲಿನ ಪರಿಹಾರದ ಹಣ ಮುಟ್ಟಬಾರದೆಂದು ಹೇಳುತ್ತಾನೆ. ತರುಣ ವಕೀಲನೊಂದಿಗೆ ಅವಳ ಸ್ನೇಹ ಬೆಳೆದಾಗ ಸತ್ತ ಗಂಡನ ಮಾನವನ್ನು ನೆನಪಿಸುತ್ತಾನೆ. ಸರ್ವೋಚ್ಚ ನ್ಯಾಯಾಲಯದ ತೀರ್ಪು ಇವೆಲ್ಲಕ್ಕಿಂತ ಕ್ರೂರವಾದದ್ದು, ಏಕೆಂದರೆ ಅದು ಸಮತೋಲನದ ತೀರ್ಪು. ತೋಟ ಪೂರ್ತಿ ಹೋಗಬೇಕಿಲ್ಲ. ಮರಗಳ ಒಂದು ಪಾಲನ್ನು 30 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿದರೆ ಸಾಕು. ಮೊಣಕಾಲಿಗೂ ಬಾರದ ನಿಂಬೆಮರ ಮರವೂ ಅಲ್ಲ, ಕಡಿದ ಮರವೂ ಅಲ್ಲ. ಸಮತೋಲನವನ್ನು ಮೌಲ್ಯವೆಂದು ಭಾವಿಸುವ ವಿಮರ್ಶೆ ಈ 30 ಸೆಂಟಿಮೀಟರನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ಮಂತ್ರಿಯ ಹೆಂಡತಿ ಮೀರಾ ಮತ್ತು ಸಲ್ಮಾ ಬೇಲಿಯ ಎರಡೂ ಬದಿಯಿಂದ ಒಬ್ಬರನ್ನೊಬ್ಬರು ನೋಡುತ್ತಾರೆ. ಆ ನೋಟ ನಿಜವಾದದ್ದು. ಮೀರಾಳ ಒಂಟಿತನವೂ ನಿಜವಾದದ್ದು. ಆದರೂ ರಿಕ್ಲಿಸ್ ಆ ನೋಟದಿಂದ ಒಂದು ಮರವೂ ಉಳಿಯಿತೆಂದು ಹೇಳುವುದಿಲ್ಲ. ಚಿತ್ರದ ಪ್ರಾಮಾಣಿಕತೆ ಇರುವುದು ಇಲ್ಲಿ.

ಭಾಷೆಯ ಪ್ರಶ್ನೆಗೆ ಕನ್ನಡ ಅಧ್ಯಯನದ ಆವರಣದಲ್ಲಿ ವಿಶೇಷ ಗಮನ ಸಲ್ಲಬೇಕು. ಈ ಚಿತ್ರಗಳನ್ನು ಹೊರಗಿನ ಪ್ರೇಕ್ಷಕ ಅಡಿಬರಹಗಳ ಮೂಲಕ ನೋಡುತ್ತಾನೆ. ಅಡಿಬರಹದಲ್ಲಿ ಅರಬ್ಬಿಯೂ ಹೀಬ್ರೂವೂ ಒಂದೇ ಇಂಗ್ಲಿಷಾಗಿ ಹರಿಯುತ್ತವೆ. ಯಾರು ಯಾವಾಗ ಭಾಷೆ ಬದಲಿಸಿದರು ಎಂಬುದು ಕಳೆದುಹೋದರೆ ಚಿತ್ರದ ಅರ್ಧದಷ್ಟು ಕಳೆದುಹೋದಂತೆ. ಇಸ್ರೇಲಿನ ಅರಬ್ ಪ್ರಜೆ ಅಧಿಕಾರಿಯೆದುರು ಹೀಬ್ರೂ ಮಾತಾಡುತ್ತಾನೆ. ಅಧಿಕಾರಿಗೆ ಗೊತ್ತಿರುವ ಅರಬ್ಬಿ ಹಲವು ಬಾರಿ ಆಜ್ಞಾರೂಪದ ಕ್ರಿಯಾಪದಗಳಿಗೆ ಸೀಮಿತ: ನಿಲ್ಲು, ತೋರಿಸು, ಹೋಗು. 2018ರ ಜುಲೈಯಲ್ಲಿ ಅಂಗೀಕೃತವಾದ ರಾಷ್ಟ್ರ-ಪ್ರಭುತ್ವ ಕಾಯಿದೆಯು ಅರಬ್ಬಿಯನ್ನು ಅಧಿಕೃತ ಭಾಷೆಯ ಸ್ಥಾನದಿಂದ ಇಳಿಸಿ 'ವಿಶೇಷ ಸ್ಥಾನಮಾನ'ವನ್ನು ಕೊಟ್ಟಿತು. ವಿಶೇಷ ಎಂಬ ಪದಕ್ಕೆ ಇದಕ್ಕಿಂತ ಕಹಿಯಾದ ಬಳಕೆ ಅಪರೂಪ.

ಆರಿ ಫೋಲ್ಮನ್‌ರ 'ವಾಲ್ಟ್ಸ್ ವಿತ್ ಬಶೀರ್' (2008) ಈ ದೃಷ್ಟಿಯಿಂದ ಮರುಓದಿಗೆ ಯೋಗ್ಯವಾಗಿದೆ. 1982ರಲ್ಲಿ ಬೈರೂತ್‌ನ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ಲೆಬನಾನಿನ ಫಲಾಂಜಿಸ್ಟರು ನಡೆಸಿದ ಹತ್ಯಾಕಾಂಡದ ಸಮಯದಲ್ಲಿ ಇಸ್ರೇಲಿ ಸೈನಿಕರು ಸುತ್ತುವರಿದಿದ್ದರು, ಆಕಾಶಕ್ಕೆ ಬೆಳಕಿನ ಗುಂಡು ಹಾರಿಸುತ್ತಿದ್ದರು. ತಾನು ಅಲ್ಲಿದ್ದೆನೆಂಬ ನೆನಪೇ ಅಳಿಸಿಹೋದ ಸೈನಿಕನೊಬ್ಬ ಆ ನೆನಪನ್ನು ಅನಿಮೇಷನ್ನಿನಲ್ಲಿ ಹುಡುಕಿಕೊಂಡು ಹೋಗುವುದು ಸಿನಿಮಾದ ಇತಿಹಾಸದಲ್ಲೇ ಒಂದು ದಿಟ್ಟ ಪ್ರಯತ್ನ. ಕೊನೆಯಲ್ಲಿ ಚಿತ್ರಿಕೆಗಳು ಮುಗಿದು ನಿಜವಾದ ಸುದ್ದಿಚಿತ್ರ ಕಾಣುತ್ತದೆ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಾರೆ. ಅವರು ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದಾರೆ, ಅದಕ್ಕೆ ಅಡಿಬರಹವಿಲ್ಲ. ಚಿತ್ರದುದ್ದಕ್ಕೂ ಸೈನಿಕರ ಕನಸಿಗೂ ಅಡಿಬರಹವಿತ್ತು. ಇದು ನಿರ್ದೇಶಕನ ವಿಫಲತೆಯೋ ಅಥವಾ ಸೈನಿಕನ ಕಿವಿಗೆ ಆ ಮಾತು ತಲುಪಲಿಲ್ಲವೆಂಬ ನಿಷ್ಠುರ ನಿಜವೋ ಎಂಬ ಬಗ್ಗೆ ವಾದಿಸಬಹುದು. ಎರಡನೆಯದು ಸರಿಯೆಂದು ಒಪ್ಪಿದರೂ ಆ ಹೆಂಗಸರ ಮಾತು ಕೇಳದೇ ಉಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ಎಲಿಯಾ ಸುಲೈಮಾನ್ ಮೌನವನ್ನೇ ಆಯ್ದುಕೊಂಡವರು. 'ಕ್ರಾನಿಕಲ್ ಆಫ್ ಎ ಡಿಸಪಿಯರೆನ್ಸ್' (1996), 'ಡಿವೈನ್ ಇಂಟರ್ವೆನ್ಷನ್' (2002), 'ದ ಟೈಮ್ ದಟ್ ರಿಮೇನ್ಸ್' (2009) ಚಿತ್ರಗಳಲ್ಲಿ ಅವರೇ ಅಭಿನಯಿಸುವ ಪಾತ್ರ ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತದೆ. ಎರಡನೆಯ ಚಿತ್ರದಲ್ಲಿ ಜೆರೂಸಲೇಮಿನ ಗಂಡು, ರಮಲ್ಲಾದ ಹೆಣ್ಣು ತಪಾಸಣಾ ಠಾಣೆಯ ಪಕ್ಕದ ಬಯಲಲ್ಲಿ ಕಾರಿನೊಳಗೆ ಕೈಹಿಡಿದು ಕೂರುತ್ತಾರೆ, ಏಕೆಂದರೆ ಅವಳಿಗೆ ದಾಟುವ ಅಪ್ಪಣೆಯಿಲ್ಲ. ಅರಾಫತ್‌ರ ಮುಖವಿರುವ ಕೆಂಪು ಬಲೂನೊಂದು ಮಾತ್ರ ಯಾರನ್ನೂ ಕೇಳದೆ ಠಾಣೆಯ ಮೇಲೆ ತೇಲಿ ಜೆರೂಸಲೇಮಿನ ಗುಮ್ಮಟದ ಕಡೆ ಹೋಗುತ್ತದೆ. ಗುಂಡು ಹಾರಿಸಬೇಕೆ ಬೇಡವೆ ಎಂದು ಸೈನಿಕರು ಗೊಂದಲಕ್ಕೆ ಬೀಳುತ್ತಾರೆ. 'ಇಟ್ ಮಸ್ಟ್ ಬಿ ಹೆವನ್' (2019) ಚಿತ್ರದಲ್ಲಿ ಪ್ಯಾರಿಸ್ಸಿನ ನಿರ್ಮಾಪಕನೊಬ್ಬ, ನಿಮ್ಮ ಚಿತ್ರ ಸಾಕಷ್ಟು ಪ್ಯಾಲೆಸ್ತೀನಿಯಾಗಿಲ್ಲವೆಂದು ವಿನಯದಿಂದಲೇ ತಿರಸ್ಕರಿಸುತ್ತಾನೆ. ಯುರೋಪಿನ ಉದಾರವಾದಕ್ಕೂ ಅಪ್ಪಣೆಯ ಒಂದು ನಮೂನೆಯಿದೆ: ಪ್ಯಾಲೆಸ್ತೀನಿ ಕಲಾವಿದ ಅಳಬೇಕು, ಕಲ್ಲು ಹಿಡಿಯಬೇಕು. ನಗಿಸುವ ಅಧಿಕಾರ ಅವನಿಗಿಲ್ಲ.

ಚಿತ್ರದ ಊರು ಯಾವುದು ಎಂಬ ಪ್ರಶ್ನೆಯೂ ಇದೇ ಜಾತಿಯದು. 'ಪ್ಯಾರಡೈಸ್ ನೌ' (2005) ಆಸ್ಕರ್ ಸ್ಪರ್ಧೆಗೆ ನಾಮನಿರ್ದೇಶನಗೊಂಡಾಗ ಅದು 'ಪ್ಯಾಲೆಸ್ತೀನ್' ದೇಶದ ಚಿತ್ರವೋ 'ಪ್ಯಾಲೆಸ್ತೀನಿ ಪ್ರದೇಶಗಳ' ಚಿತ್ರವೋ ಎಂದು ದೊಡ್ಡ ಜಗಳವಾಯಿತು. ಜಾಫಾದ ಬದುಕಿನ 'ಅಜಾಮಿ' (2009) ಇಸ್ರೇಲಿನ ಪರವಾಗಿ ಸ್ಪರ್ಧಿಸಿದಾಗ ಇಬ್ಬರು ನಿರ್ದೇಶಕರಲ್ಲೊಬ್ಬರಾದ ಸ್ಕಂದರ್ ಕೊಪ್ತಿ ತಾವು ಇಸ್ರೇಲನ್ನು ಪ್ರತಿನಿಧಿಸುತ್ತಿಲ್ಲವೆಂದರು. ಮೇಲೆ ಹೆಸರಿಸಿದ ಸುಹಾ ಅರಾಫ್ ಇಸ್ರೇಲಿನ ಸಾರ್ವಜನಿಕ ಹಣದಿಂದ ತೆಗೆದ 'ವಿಲ್ಲಾ ತೂಮಾ' (2014) ಚಿತ್ರವನ್ನು ಪ್ಯಾಲೆಸ್ತೀನಿನದೆಂದು ನೋಂದಾಯಿಸಿದಾಗ ಹಣ ಮರಳಿಸುವಂತೆ ಒತ್ತಡ ಬಂತು. ವೆನಿಸ್ ಉತ್ಸವದಲ್ಲಿ ಆ ಚಿತ್ರ ದೇಶವಿಲ್ಲದ ಚಿತ್ರವಾಗಿ ಪ್ರದರ್ಶಿತವಾಯಿತು. ಸಯ್ಯದ್ ಕಶುವಾ ಹೀಬ್ರೂವಿನಲ್ಲಿ ಬರೆದ ಕಾದಂಬರಿಯನ್ನು ಯಹೂದಿ ನಿರ್ದೇಶಕ ಎರಾನ್ ಕೊಲಿರಿನ್ ಬಹುಪಾಲು ಅರಬ್ಬಿಯಲ್ಲಿ 'ಲೆಟ್ ಇಟ್ ಬಿ ಮಾರ್ನಿಂಗ್' (2021) ಆಗಿ ತೆಗೆದರು. ಇಸ್ರೇಲಿ ಚಿತ್ರವೆಂಬ ಹಣೆಪಟ್ಟಿಯನ್ನು ವಿರೋಧಿಸಿ ಅದರ ಪ್ಯಾಲೆಸ್ತೀನಿ ನಟರು ಕಾನ್ ಪ್ರದರ್ಶನಕ್ಕೆ ಹೋಗಲಿಲ್ಲ. ಆ ಚಿತ್ರವೂ ಮದುವೆಯೊಂದರಿಂದಲೇ ಆರಂಭವಾಗುತ್ತದೆ. ಪಂಜರ ತೆರೆದರೂ ಪಾರಿವಾಳಗಳು ಹಾರುವುದಿಲ್ಲ.

ಇಷ್ಟಕ್ಕೆ ಒಂದು ಗಂಭೀರ ಆಕ್ಷೇಪ ಬರಬಹುದು, ಬರಬೇಕು ಕೂಡ. ಅಪ್ಪಣೆಯ ನೆಲೆಯಿಂದ ಮಾತ್ರ ನೋಡಿದರೆ ಯಹೂದಿ ಬದುಕಿನ ಭಯಕ್ಕೆ ಜಾಗವೆಲ್ಲಿ? ಯುರೋಪಿನ ಹತ್ಯಾಕಾಂಡದಿಂದ ಉಳಿದು ಬಂದವರು, ಬಾಗ್ದಾದ್ ಮತ್ತು ಮೊರಾಕ್ಕೊಗಳಿಂದ ಬಂದು ಇಸ್ರೇಲಿನೊಳಗೇ ಕೀಳೆನಿಸಿಕೊಂಡ ಪೂರ್ವದ ಯಹೂದಿಗಳು, ಬಸ್ಸುಗಳಲ್ಲಿ ಬಾಂಬಿಗೆ ಸತ್ತವರು, 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಕೊಲೆಯಾದ ಸುಮಾರು 1200 ಜನ, ಇವರೆಲ್ಲ ಗವರ್ನರನ ಪಾತ್ರದೊಳಗೆ ಅಡಗಿಸಬಹುದಾದವರಲ್ಲ. 'ಪ್ಯಾರಡೈಸ್ ನೌ' ಚಿತ್ರದ ವಿರುದ್ಧ ಆತ್ಮಾಹುತಿ ದಾಳಿಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಇಸ್ರೇಲಿ ತಂದೆತಾಯಿಗಳು ಮನವಿ ಸಲ್ಲಿಸಿದರು. ಆ ಅಹವಾಲನ್ನು ಪ್ರಚಾರವೆಂದು ತಳ್ಳಿಹಾಕುವುದು ಹೃದಯಹೀನತೆ. ಆದರೆ ಚಿತ್ರ ಮಾಡಿದ್ದೇನು ಎಂಬುದನ್ನೂ ನೋಡಬೇಕು. ನಬ್ಲುಸ್‌ನ ಇಬ್ಬರು ಗೆಳೆಯರು ಆತ್ಮಾಹುತಿಗೆ ಹೊರಡುವ ಮುನ್ನ ತಮ್ಮ ಕೊನೆಯ ಮಾತನ್ನು ಚಿತ್ರೀಕರಿಸಿಕೊಳ್ಳುತ್ತಾರೆ. ಕ್ಯಾಮೆರಾ ಕೆಡುತ್ತದೆ, ಖಾಲೆದ್ ಮತ್ತೊಮ್ಮೆ ಹೇಳಬೇಕು. ಅಕ್ಕಪಕ್ಕದವರು ತಿಂಡಿ ತಿನ್ನುತ್ತಿದ್ದಾರೆ. ಎರಡನೆಯ ಸಲ ಅವನು ನೀರಿನ ಫಿಲ್ಟರು ಎಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಾಯಿಗೆ ತಿಳಿಸುತ್ತಾನೆ. ಹುತಾತ್ಮನೆಂಬ ಪ್ರತಿಮೆಯನ್ನು ಇದಕ್ಕಿಂತ ನಿರ್ದಯವಾಗಿ ಒಡೆದ ದೃಶ್ಯ ಇನ್ನೊಂದಿರಲಾರದು. ಸಾವಿಗೆ ಕಳುಹಿಸುವ ಸಂಘಟನೆಯೂ ಅಪ್ಪಣೆಯ ಒಂದು ಕಚೇರಿಯೇ ಎಂದು ಅಬು-ಅಸ್ಸಾದ್ ತೋರಿಸುತ್ತಾರೆ.

ಇನ್ನು ಇಸ್ರೇಲಿ ಸಿನಿಮಾ ಒಂದೇ ದನಿಯದೆಂದು ತಿಳಿಯುವುದೂ ತಪ್ಪು. ಎಸ್. ಯಿಜ್ಹಾರ್ 1949ರಲ್ಲಿ ಬರೆದ, ಹಳ್ಳಿಯೊಂದನ್ನು ತೆರವುಗೊಳಿಸುವ ಸೈನಿಕನ ಕಥೆಯನ್ನು ರಾಮ್ ಲೆವಿ ಟೆಲಿವಿಷನ್ನಿಗಾಗಿ 'ಹಿರ್ಬೆತ್ ಹಿಜೆ' ಎಂಬ ಚಿತ್ರವಾಗಿ ತೆಗೆದಾಗ, 1978ರಲ್ಲಿ ಶಿಕ್ಷಣ ಮಂತ್ರಿ ಅದರ ಪ್ರಸಾರವನ್ನು ತಡೆದರು. ಪ್ರಸಾರವಾಗಬೇಕಿದ್ದ ಹೊತ್ತಿನಲ್ಲಿ ನೌಕರರು ಪರದೆಯನ್ನು ಕಪ್ಪಾಗಿಟ್ಟು ಪ್ರತಿಭಟಿಸಿದರು. ಮರುವಾರ ಚಿತ್ರ ಪ್ರಸಾರವಾಯಿತು. ಅಮೋಸ್ ಗಿತಾಯ್ ಅವರ 'ಹೌಸ್' (1980) ಪಶ್ಚಿಮ ಜೆರೂಸಲೇಮಿನ ಒಂದೇ ಒಂದು ಮನೆಯ ಕಥೆ: 1948ಕ್ಕೆ ಮುಂಚಿನ ಒಡೆಯ ಪ್ಯಾಲೆಸ್ತೀನಿ ವೈದ್ಯ, ಆಮೇಲೆ ಅಲ್ಜೀರಿಯಾದಿಂದ ಬಂದ ಯಹೂದಿ ದಂಪತಿಗಳು, ಈಗ ಅದನ್ನು ದೊಡ್ಡದು ಮಾಡಿಸುತ್ತಿರುವ ಪ್ರಾಧ್ಯಾಪಕ, ಅದಕ್ಕೆ ಕಲ್ಲು ಕೆತ್ತುವ ಪ್ಯಾಲೆಸ್ತೀನಿ ಕೂಲಿಗಳು. ಇಸ್ರೇಲಿ ಟೆಲಿವಿಷನ್ ಅದನ್ನು ತೋರಿಸಲಿಲ್ಲ. ಈ ಚಿತ್ರದಲ್ಲಿ ಯಾರನ್ನೂ ದೂಷಿಸಿಲ್ಲ, ಎಲ್ಲರಿಗೂ ಮಾತಿದೆ. ಹಾಗಿದ್ದೂ ಅದು ಸಮತೋಲನದ ಚಿತ್ರವಲ್ಲ. ಮನೆ ಒಂದೇ ಆಗಿರುವುದರಿಂದ ಯಾರು ಒಳಗೆ, ಯಾರು ಹೊರಗೆ ಎಂಬುದು ಮುಚ್ಚಿಡಲಾಗದ ಸಂಗತಿಯಾಗುತ್ತದೆ. ಭಯಕ್ಕೂ ನೆನಪಿಗೂ ಜಾಗ ಕೊಟ್ಟು, ಕೀಲಿಕೈ ಯಾರ ಕೈಯಲ್ಲಿದೆಯೆಂದು ಮರೆಯದಿರುವುದು ಸಾಧ್ಯವೆಂಬುದಕ್ಕೆ ಗಿತಾಯ್ ಉತ್ತಮ ಸಾಕ್ಷಿ. ಇಂಥ ಚಿತ್ರಗಳ ಮೇಲಿನ ಅಸಹನೆ ಇಂದಿಗೂ ನಿಂತಿಲ್ಲ. ಸಮುದ್ರವನ್ನು ಕಾಣಬೇಕೆಂದು ಹೊರಟು ಠಾಣೆಯಲ್ಲಿ ತಡೆಯಲ್ಪಡುವ ಪ್ಯಾಲೆಸ್ತೀನಿ ಬಾಲಕನ ಕಥೆಯಾದ 'ದ ಸೀ' 2025ರಲ್ಲಿ ಇಸ್ರೇಲಿನ ಒಫಿರ್ ಪ್ರಶಸ್ತಿ ಪಡೆದಾಗ ಸಂಸ್ಕೃತಿ ಮಂತ್ರಿ ಆ ಪ್ರಶಸ್ತಿಗಳಿಗೆ ಸರಕಾರದ ಹಣ ನಿಲ್ಲಿಸುವುದಾಗಿ ಘೋಷಿಸಿದರು.

ಜಂಟಿ ಕರ್ತೃತ್ವದ ಚಿತ್ರಗಳಲ್ಲಿ ಈ ಪ್ರಶ್ನೆ ಚಿತ್ರದ ಒಳಗೇ ಬಂದು ಕೂರುತ್ತದೆ. ಬಿಲಿನ್ ಹಳ್ಳಿಯ ಇಮಾದ್ ಬುರ್ನಾತ್ 2005ರಲ್ಲಿ ಕಿರಿಯ ಮಗ ಹುಟ್ಟಿದಾಗ ಕೊಂಡ ಕ್ಯಾಮೆರಾದಿಂದ ಆರಂಭವಾಗಿ, ಒಂದಾದ ಮೇಲೊಂದು ಒಡೆದ ಐದು ಕ್ಯಾಮೆರಾಗಳ ದಾಖಲೆಯಾದ 'ಫೈವ್ ಬ್ರೋಕನ್ ಕ್ಯಾಮೆರಾಸ್' (2011) ಇಸ್ರೇಲಿನ ಗೈ ದವಿದಿಯವರ ಜೊತೆಗೂಡಿ ರೂಪುಗೊಂಡಿತು. 2025ರ ಮಾರ್ಚಿಯಲ್ಲಿ ಆಸ್ಕರ್ ಪಡೆದ 'ನೋ ಅದರ್ ಲ್ಯಾಂಡ್' (2024) ಬಾಸೆಲ್ ಅದ್ರಾ, ಹಮ್ದಾನ್ ಬಲ್ಲಾಲ್, ಯುವಾಲ್ ಅಬ್ರಹಾಂ, ರೇಚಲ್ ಸೋರ್ ಎಂಬ ನಾಲ್ವರದು. ಸೈನಿಕ ತಾಲೀಮಿನ ಪ್ರದೇಶವೆಂದು ಘೋಷಿತವಾದ ಮಸಾಫರ್ ಯಟ್ಟಾದ ಹಳ್ಳಿಗಳ ಮನೆಗಳು ಬುಲ್ಡೋಜರಿಗೆ ಸಿಕ್ಕುವುದನ್ನು ಅದು ವರ್ಷಾನುಗಟ್ಟಲೆ ಹಿಂಬಾಲಿಸುತ್ತದೆ. ಯುವಾಲನ ಕಾರು ಹಳದಿ ಫಲಕದ್ದು, ರಾತ್ರಿ ಅದು ಅವನನ್ನು ಮನೆಗೆ ಒಯ್ಯುತ್ತದೆ. ಬಾಸೆಲ್ ಅಲ್ಲೇ ಉಳಿಯುತ್ತಾನೆ. ಹತ್ತು ದಿನದಲ್ಲಿ ಎಲ್ಲ ಮುಗಿಸಿ ಮನೆಗೆ ಹೋಗುವ ಆತುರ ನಿನ್ನದೆಂದು ಬಾಸೆಲ್ ಗೆಳೆಯನನ್ನು ಛೇಡಿಸುವ ದೃಶ್ಯದಲ್ಲಿ ಸ್ನೇಹವೂ ಇದೆ, ಅಸಮಾನತೆಯೂ ಇದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಜರ್ಮನಿಯ ರಾಜಕಾರಣಿಗಳು ಬರ್ಲಿನ್‌ನಲ್ಲಿ ಈ ನಿರ್ದೇಶಕರಾಡಿದ ಮಾತನ್ನು ಯಹೂದಿದ್ವೇಷವೆಂದು ಕರೆದರು. ಪ್ಯಾಲೆಸ್ತೀನಿ ಬಹಿಷ್ಕಾರ ಚಳವಳಿಯವರು ಇದನ್ನು ಇಸ್ರೇಲಿನೊಂದಿಗಿನ ಸಂಬಂಧವನ್ನು ಸಹಜಗೊಳಿಸುವ ಚಿತ್ರವೆಂದು ಟೀಕಿಸಿದರು. ಪ್ರಶಸ್ತಿ ಬಂದ ಕೆಲವೇ ವಾರಗಳಲ್ಲಿ ಹಮ್ದಾನ್ ಬಲ್ಲಾಲ್ ತನ್ನ ಹಳ್ಳಿಯಲ್ಲಿ ವಸಾಹತುಗಾರರಿಂದ ಪೆಟ್ಟು ತಿಂದು ಸೈನ್ಯದ ಬಂಧನದಲ್ಲಿ ಒಂದು ರಾತ್ರಿ ಕಳೆದರು.

ಸಂಶೋಧನೆಯನ್ನೇ ವೃತ್ತಿಯಾಗಿಸಿಕೊಂಡವರಿಗೆ ಇವೆಲ್ಲಕ್ಕಿಂತ ಹತ್ತಿರದ ಚಿತ್ರ ಅಲೋನ್ ಶ್ವಾರ್ಜ್ ಅವರ 'ತಂತೂರಾ' (2022). ಅದರ ಕೇಂದ್ರದಲ್ಲಿರುವುದು ಒಂದು ಸ್ನಾತಕೋತ್ತರ ಪ್ರಬಂಧ. ಹೈಫಾ ಕನ್ನಡಿಗರಿಗೆ ತೀರ ಅಪರಿಚಿತ ಹೆಸರಲ್ಲ: 1918ರ ಸೆಪ್ಟೆಂಬರ್ 23ರಂದು ತುರ್ಕಿಯರಿಂದ ಆ ಊರನ್ನು ಗೆದ್ದ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಬ್ರಿಟಿಷರ ಪರವಾದ ಆ ಗೆಲುವು ಅಲ್ಲಿನ ಮುಂದಿನ 30 ವರ್ಷಗಳ ಆಡಳಿತಕ್ಕೆ ದಾರಿಮಾಡಿತೆಂಬುದನ್ನು ಸ್ಮಾರಕಗಳು ಹೇಳುವುದಿಲ್ಲ. ಹೈಫಾದ ದಕ್ಷಿಣಕ್ಕೆ ಕಡಲ ತೀರದ ಹಳ್ಳಿ ತಂತೂರಾ; 1948ರ ಮೇ ತಿಂಗಳಲ್ಲಿ ಅಲೆಕ್ಸಾಂಡ್ರೋನಿ ಪಡೆ ಅದನ್ನು ವಶಪಡಿಸಿಕೊಂಡಿತು. ಶರಣಾದ ಮೇಲೂ ಹಳ್ಳಿಗರನ್ನು ಕೊಲ್ಲಲಾಯಿತೆ ಎಂಬ ಪ್ರಶ್ನೆಯನ್ನು ಹೈಫಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಟೆಡ್ಡಿ ಕಾಟ್ಜ್ ಮೌಖಿಕ ಇತಿಹಾಸದ ಮಾರ್ಗದಿಂದ ಕೆದಕಿ, ಯಹೂದಿ ಸೈನಿಕರನ್ನೂ ಅರಬ್ ನಿರಾಶ್ರಿತರನ್ನೂ ಮಾತಾಡಿಸಿ, ಸುಮಾರು 140 ಗಂಟೆಗಳ ಧ್ವನಿಮುದ್ರಿಕೆಯ ಆಧಾರದ ಮೇಲೆ 1998ರಲ್ಲಿ ಪ್ರಬಂಧ ಸಲ್ಲಿಸಿದರು. ಅದಕ್ಕೆ ಉನ್ನತ ಅಂಕ ಬಂತು. 2000ದಲ್ಲಿ ಪತ್ರಿಕೆಯೊಂದು ಅದನ್ನು ಸುದ್ದಿಮಾಡಿದಾಗ ಆ ಪಡೆಯ ನಿವೃತ್ತ ಸೈನಿಕರು ಮಾನನಷ್ಟದ ಮೊಕದ್ದಮೆ ಹೂಡಿದರು. ವಿಚಾರಣೆ ಆರಂಭವಾದ ಬೆನ್ನಲ್ಲೇ ಕಾಟ್ಜ್ ಒತ್ತಡದಲ್ಲಿ ತಪ್ಪೊಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು. ಬೇಗನೆ ಮನಸ್ಸು ಬದಲಿಸಿದರೂ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೆಲವು ಉಲ್ಲೇಖಗಳು ಧ್ವನಿಮುದ್ರಿಕೆಗೆ ಹೊಂದುವುದಿಲ್ಲವೆಂದು ವಿಶ್ವವಿದ್ಯಾಲಯ ಮರುಪರಿಶೀಲಿಸಿತು. ಪರಿಷ್ಕರಿಸಿ ಸಲ್ಲಿಸಿದ ಪ್ರಬಂಧವೂ ತಿರಸ್ಕೃತವಾಯಿತು.

ಆ ದೋಷಗಳು ಸುಳ್ಳಲ್ಲ. ಮೌಖಿಕ ಆಕರಗಳನ್ನು ಬಳಸುವ ಯಾವ ಸಂಶೋಧಕನೂ ಅಂಥ ಪರಿಶೀಲನೆಗೆ ಒಳಗಾಗಲೇಬೇಕು. ತಂತೂರಾದಲ್ಲಿ ಎಷ್ಟು ಜನ, ಹೇಗೆ ಸತ್ತರೆಂಬುದರಲ್ಲಿ ಇತಿಹಾಸಕಾರರ ನಡುವೆ ಇಂದಿಗೂ ಒಮ್ಮತವಿಲ್ಲ. ಆದರೆ ಕೆಲವು ಉಲ್ಲೇಖಗಳ ತಪ್ಪನ್ನು ಹಿಡಿದು ಇಡೀ ಪ್ರಶ್ನೆಯನ್ನು ಮುಚ್ಚಿಬಿಡುವುದು ಪಾಂಡಿತ್ಯದ ಶಿಸ್ತೆನಿಸಲಾರದು. ಶ್ವಾರ್ಜ್ ಮಾಡಿದ ಕೆಲಸ ಮೇಲ್ನೋಟಕ್ಕೆ ತೀರ ಸಾಮಾನ್ಯ. ಕಾಟ್ಜ್‌ರ ಹಳೆಯ ಕ್ಯಾಸೆಟ್ಟುಗಳನ್ನು ತಂದು, ತೊಂಬತ್ತರ ಹರೆಯದ ಸೈನಿಕರ ಎದುರು ಕೂತು ಮತ್ತೆ ಕೇಳಿದರು. ಕೆಲವರು ನೆನಪಿಲ್ಲವೆನ್ನುತ್ತಾರೆ, ಕೆಲವರು ನಗುತ್ತಾರೆ, ಕೆಲವರು ತಾವು ಕಂಡದ್ದನ್ನು ಹೇಳಿಬಿಡುತ್ತಾರೆ. ಮೊಕದ್ದಮೆಯನ್ನು ನಡೆಸಿದ್ದ, ಈಗ ನಿವೃತ್ತರಾದ ನ್ಯಾಯಾಧೀಶೆಗೂ ಆ ದನಿಗಳನ್ನು ಕೇಳಿಸಲಾಗುತ್ತದೆ. ಪಾರ್ಶ್ವವಾಯುವಿನಿಂದ ಬಳಲಿದ ಕಾಟ್ಜ್ ಮನೆಯಲ್ಲಿ ತಮ್ಮ ಕ್ಯಾಸೆಟ್ಟುಗಳ ನಡುವೆ ಕುಳಿತಿದ್ದಾರೆ. ಹಳ್ಳಿಯಿದ್ದ ಕಡೆ ಈಗ ವಿಹಾರದ ಕಡಲತೀರವಿದೆ. ಅಲ್ಲಿಯ ವಾಹನ ನಿಲುಗಡೆಯ ಜಾಗದ ಅಡಿಯಲ್ಲಿ ಸತ್ತವರನ್ನು ಒಟ್ಟಿಗೆ ಹೂತಿರಬಹುದೆಂದು ಚಿತ್ರ ಹಳೆಯ ವೈಮಾನಿಕ ಛಾಯಾಚಿತ್ರಗಳ ನೆರವಿನಿಂದ ಸೂಚಿಸುತ್ತದೆ. ಚಿತ್ರ ಬಿಡುಗಡೆಯಾದ ಮೇಲೆ ಅಗೆದು ನೋಡಬೇಕೆಂಬ ಬೇಡಿಕೆ ಎದ್ದಿತು. ಅಗೆಯುವುದಕ್ಕೂ ಅಪ್ಪಣೆ ಬೇಕು.